ಪಕ್ಕದವರ ಒಂದು ಮೊಳ

ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ಪಕ್ಕದಂಗಡಿಯ ಆಂಟಿಗೆ ಸಿಟ್ಟು ಎಲ್ಲಿರುತ್ತದೆ ಎಂದು ತಿಳಿಯಲು ನನಗೆ ಆರು ವರ್ಷ ಬೇಕಾಯಿತು.

ಕ್ರೈಸ್ಟ್‌ಚರ್ಚ್‌ನಿಂದ ಒಂದೂವರೆ ಗಂಟೆ ದೂರದ ಈ ಪುಟ್ಟ ಊರಿನ ವೃದ್ಧಾಶ್ರಮಕ್ಕೆ ನಾನು ನರ್ಸಾಗಿ ಬಂದೆ. ಮುಖ್ಯ ಬೀದಿಯಲ್ಲೇ ಬಾಡಿಗೆ ಮನೆ ಸಿಕ್ಕಿತು. ಅದರ ಪಕ್ಕದಲ್ಲಿ ಆಂಟಿಯ ಡೇರಿ. ಹಾಲು, ಬ್ರೆಡ್ಡು, ಪೇಪರು ಮಾರುವ ಮೂಲೆಯಂಗಡಿಗೆ ಇಲ್ಲಿ ಹಾಗೆನ್ನುತ್ತಾರೆ. ಡೇರಿಯ ಆಚೆ ಬದಿಗೆ ಹಾರ್ಡ್‌ವೇರ್ ಅಂಗಡಿ. ಆಂಟಿ ಜಪಾನಿನವರು. ಮೂವತ್ತು ವರ್ಷಕ್ಕೂ ಹಿಂದೆ ಗಂಡನೊಂದಿಗೆ ಬಂದು, ಮುಚ್ಚಿಹೋಗಿದ್ದ ಮಾಂಸದಂಗಡಿಯನ್ನು ಕೊಂಡು, ಉಜ್ಜಿ ತೊಳೆದು ಡೇರಿ ಮಾಡಿದವರು. ಈಗ ಒಬ್ಬರೇ ನಡೆಸುತ್ತಾರೆ.

ದಿನಾ ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲು ಆಂಟಿ ಅಂಗಡಿ ಮುಂದಿನ ಫುಟ್‌ಪಾತ್ ಗುಡಿಸಿ ನೀರು ಚಿಮುಕಿಸುತ್ತಿದ್ದರು. ಮೊದಲ ಸಲ ನೋಡಿದಾಗ ಮೈಸೂರಿನಲ್ಲಿ ಅಮ್ಮ ಬಾಗಿಲಿಗೆ ನೀರು ಹಾಕುತ್ತಿದ್ದದ್ದು ನೆನಪಾಯಿತು. ಅವರ ಪೊರಕೆ ತಮ್ಮ ಗಡಿ ದಾಟಿ ನಮ್ಮ ಮನೆಯ ಮುಂದೆ ಒಂದು ಮೊಳ ಬರುತ್ತಿತ್ತು. ಆಚೆ ಹಾರ್ಡ್‌ವೇರ್ ಅಂಗಡಿಯ ಮುಂದೂ ಅಷ್ಟೇ, ಒಂದು ಮೊಳ. ವಯಸ್ಸಾಯಿತು, ಅಂದಾಜು ತಪ್ಪುತ್ತದೆ ಎಂದುಕೊಂಡೆ.

ಒಂದು ಚಳಿಗಾಲ ಅವರಿಗೆ ಮಂಡಿನೋವು ಬಂತು. ದೊಡ್ಡವರ ಸೇವೆ ಮಾಡಿದ ಹಾಗಾಗುತ್ತದೆ ಎಂದು ನಾನೇ ಬೇಗ ಎದ್ದು ಅವರ ಅಂಗಡಿಯ ಮುಂದೆ ಪೂರ್ತಿ ಗುಡಿಸಿಬಿಟ್ಟೆ. ಹೊಗಳುತ್ತಾರೆ ಎಂದು ಕಾದರೆ ಆಂಟಿಯ ಮುಖ ಸಪ್ಪಗಾಯಿತು. ಮೂರನೆಯ ದಿನ ಅಳೆದು ತೂಗಿದ ಇಂಗ್ಲಿಷಿನಲ್ಲಿ ಹೇಳಿದರು:

"ನಮ್ಮಲ್ಲಿ ಪಕ್ಕದವರ ಮುಂದೆ ಸ್ವಲ್ಪ ಗುಡಿಸ್ತೀವಿ. ಅದು ಸ್ನೇಹ. ಪೂರ್ತಿ ಗುಡಿಸಿದ್ರೆ, ನಿನಗೆ ನಿನ್ನ ಬಾಗಿಲು ನೋಡ್ಕೊಳ್ಳೋಕೆ ಬರಲ್ಲ ಅಂತ ಬೀದಿಗೆಲ್ಲ ಹೇಳಿದ ಹಾಗೆ."

ನಾಚಿಕೆಯಿಂದ ಕುಗ್ಗಿಹೋದೆ. ಅಂದಿನಿಂದ ನಾನೂ ಅವರ ಕಡೆ ಒಂದೇ ಮೊಳ ಗುಡಿಸುತ್ತಿದ್ದೆ.

ಅಂಗಡಿಯ ಕಥೆಯನ್ನು ಆಂಟಿ ಗಲ್ಲಾದ ಹಿಂದೆ ನಿಂತು ತುಂಡು ತುಂಡಾಗಿ ಹೇಳಿದ್ದರು. ಮೊದಲ ವರ್ಷ ಜನ ಕಿಟಕಿಯಿಂದ ಇಣುಕಿ ಮುಂದೆ ಹೋಗುತ್ತಿದ್ದರಂತೆ. ದೊಡ್ಡ ಹಿಮ ಬಿದ್ದು ರಸ್ತೆ ಮುಚ್ಚಿದಾಗ ಅವರ ಗಂಡ ಬೆನ್ನಿಗೆ ಹಾಲು ಕಟ್ಟಿಕೊಂಡು ಮನೆಮನೆಗೆ ನಡೆದರು. ಭೂಕಂಪದ ದಿನ ಚಿಮಣಿ ಉರುಳಿ ಅಂಗಡಿ ಮುಂದೆಯೇ ಬಿತ್ತು; ಆ ಮಧ್ಯಾಹ್ನವೇ ಇಬ್ಬರೂ ಫುಟ್‌ಪಾತಿನಲ್ಲಿ ಮೇಜು ಹಾಕಿ, ಗ್ಯಾಸ್ ಒಲೆ ಹಚ್ಚಿ, ಇಡೀ ಬೀದಿಗೆ ಚಹಾ ಕೊಟ್ಟರು. ಗಂಡ ತೀರಿಕೊಂಡಾಗ ಅಂಗಡಿ ಮುಚ್ಚಿದ್ದು ಮೂರೇ ದಿನ.

ಹೋದ ವರ್ಷ, ಬೀದಿಯ ಅಂಗಡಿಯವರೇ ಸೇರಿದ್ದ ಊರಿನ ಸಮಿತಿಯವರು ಹಳೆಯ ಅಂಗಡಿಗಳಿಗೆಲ್ಲ ಚರಿತ್ರೆಯ ನೀಲಿ ಫಲಕ ಹಾಕಿದರು. ಸಮಿತಿಯ ಮುಖ್ಯಸ್ಥರು ಹಾರ್ಡ್‌ವೇರ್ ಅಂಗಡಿಯ ಯಜಮಾನರೇ. ಆಂಟಿಯ ಗೋಡೆಯ ಫಲಕ ಓದಿ ನನ್ನ ಮೈ ಉರಿದುಹೋಯಿತು. ಮಾಂಸದಂಗಡಿಯವನ ಬಗ್ಗೆ ನಾಲ್ಕು ಸಾಲು, ಅವನ ನಾಯಿಯ ಬಗ್ಗೆ ಒಂದು ಸಾಲು, ಕೊನೆಗೆ 'ಆಮೇಲೆ ಡೇರಿ'. ಅಷ್ಟೇ. ಗಂಡ ಹೆಂಡತಿ ಮೂವತ್ತು ವರ್ಷ ದುಡಿದದ್ದಕ್ಕೆ ಎರಡು ಪದ!

ನೆಟ್ಟಗೆ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಕೇಳಿದೆ. ಜಾಗ ಸಾಲಲಿಲ್ಲ ಎಂದರು.

"ನಾಯಿಗೆ ಜಾಗ ಸಾಕಾಯ್ತಲ್ಲ?" ಎಂದೆ.

"ಅವರೇ ಸುಮ್ಮನಿದ್ದಾರೆ, ನಿಮಗೇನು?" ಎಂದು ನಕ್ಕರು.

ಮನೆಯಲ್ಲಿ ನನ್ನ ಗಂಡನದೂ ಅದೇ ರಾಗ. "ಊರ ಉಸಾಬರಿ ನಮಗ್ಯಾಕೆ? ಸುಮ್ನಿರು."

"ಅವ್ರೂ ಇಷ್ಟು ವರ್ಷ ಸುಮ್ನೇ ಇದ್ರು ಕಣ್ರೀ, ಅದಕ್ಕೇ ಎರಡು ಪದ ಸಿಕ್ಕಿದ್ದು!" ಎಂದೆ.

ಆಂಟಿ ಮಾತ್ರ ಫಲಕವನ್ನು ನಿಧಾನವಾಗಿ ಓದಿ, "ನಾಯಿ ಒಳ್ಳೇದಿತ್ತಂತೆ" ಎಂದು ಒಳಗೆ ಹೋದರು. ನನಗೆ ಅವರ ಮೇಲೂ ಸಿಟ್ಟು ಬಂತು.

ಮರುದಿನ ಬೆಳಿಗ್ಗೆ ಕಾಫಿ ಹಿಡಿದು ಬಾಗಿಲಿಗೆ ಬಂದರೆ, ಆಂಟಿಯ ಪೊರಕೆ ಆ ಒಂದು ಮೊಳದಲ್ಲಿ ನಿಲ್ಲಲಿಲ್ಲ. ಹಾರ್ಡ್‌ವೇರ್ ಅಂಗಡಿಯ ಮುಂದೆ ಪೂರ್ತಿ ಗುಡಿಸಿದರು. ಆಮೇಲೆ ಬೇಕರಿ, ಔಷಧಿ ಅಂಗಡಿ, ಬೀದಿಯ ಕೊನೆಯವರೆಗೂ. ಕೈಯಲ್ಲಿದ್ದ ಕಾಫಿ ಆರಿಹೋಯಿತು. ಅವರ ಸಿಟ್ಟು ಎಲ್ಲಿರುತ್ತದೆ ಎಂದು ಅವತ್ತು ಕಂಡೆ.

ಊರಿನವರಿಗೆ ಏನೂ ತಿಳಿಯಲಿಲ್ಲ. ಎಂಥಾ ಒಳ್ಳೆಯ ಅಜ್ಜಿ ಎಂದು ಬೇಕರಿಯವಳು ಬಿಸಿ ಬನ್ ಕೊಟ್ಟಳು. ಹಾರ್ಡ್‌ವೇರ್ ಯಜಮಾನರು ದಿನಾ ಕೈಬೀಸಿ ಥ್ಯಾಂಕ್ಸ್ ಹೇಳಿದರು. ಆಂಟಿ ಮಂಡಿಗೆ ಪಟ್ಟಿ ಬಿಗಿದುಕೊಂಡು ದಿನಾ ಗುಡಿಸಿದರು. ರಜೆಯ ದಿನ ಬಕೆಟ್ ಹಿಡಿದು ನಾನೂ ಹಿಂದೆ ಹೋದೆ. ಎರಡು ವಾರ ತಡೆದುಕೊಂಡೆ, ಆಮೇಲೆ ಆಗಲಿಲ್ಲ. ಗಿರಾಕಿಗಳ ಎದುರಿಗೇ ಹಾರ್ಡ್‌ವೇರ್ ಯಜಮಾನರಿಗೆ ಹೇಳಿದೆ: "ಇದು ಉಪಕಾರ ಅಲ್ಲ. ಅವರು ದಿನಾ ನಿಮ್ಮ ಮರ್ಯಾದೆ ತೆಗೀತಿದ್ದಾರೆ." ಗುಡಿಸುವುದರ ಅರ್ಥವನ್ನೂ ಬಿಡಿಸಿ ಹೇಳಿದೆ.

ಅವರ ಮುಖ ಕೆಂಪಾಯಿತು. ಹೊರಗೆ ಓಡಿ ಆಂಟಿಯ ಪೊರಕೆಗೆ ಕೈ ಹಾಕಿದರು. ಆಂಟಿ ಬಿಡಲಿಲ್ಲ.

"ಬೋರ್ಡು ಸರಿಯಾಗೋವರೆಗೂ ನಾನೇ ಗುಡಿಸ್ತೀನಿ."

ಸುದ್ದಿ ಬೀದಿಯೆಲ್ಲ ಹಬ್ಬಿತು. ಮರುದಿನದಿಂದ ಅಂಗಡಿಯವರೆಲ್ಲ ಬೆಳಗಾಗುತ್ತಲೇ ಪೊರಕೆ ಹಿಡಿದು ಹೊರಗೆ. ಅವರು ಗುಡಿಸಿದ ಜಾಗವನ್ನೇ ಆಂಟಿ ಇನ್ನೊಮ್ಮೆ ಗುಡಿಸಿದರು. ನನಗೆ ಹಾಲು ಕುಡಿದಷ್ಟು ಸಂತೋಷ.

ಆ ವಾರದ ಕೊನೆಗೆ ಫಲಕ ಗೋಡೆಯಿಂದ ಇಳಿಯಿತು. ಯಜಮಾನರು ಹೊಸ ಬರಹದ ಹಾಳೆ ತಂದರು. ಆಂಟಿ ಹಾರ್ಡ್‌ವೇರ್ ಅಂಗಡಿಯ ಮುಂದೆ ಗುಡಿಸಿ ಮುಗಿಸುವವರೆಗೂ ಅವರನ್ನು ನಿಲ್ಲಿಸಿ, ಆಮೇಲೆ ಕನ್ನಡಕ ಹಾಕಿ ಓದಿದರು. ಗಂಡನ ಹೆಸರಿತ್ತು. ಹಿಮವಿತ್ತು, ಹಾಲಿತ್ತು, ಭೂಕಂಪದ ದಿನದ ಚಹಾ ಇತ್ತು. ಗಂಡನ ಹೆಸರಿನ ಮೇಲೆ ಅವರ ಬೆರಳು ಬಹಳ ಹೊತ್ತು ನಿಂತಿತು.

"ನಾಯಿ ಎಲ್ಲಿ?" ಎಂದು ಕೇಳಿದರು.

"ಜಾಗ ಮಾಡೋಕೆ ತೆಗೆದೆ."

"ಅದೂ ಇಲ್ಲೇ ಇದ್ದಿದ್ದು. ಬರೀರಿ."

ಹೊಸ ಫಲಕ ಗೋಡೆಗೇರಿದ ಮರುದಿನ ಬೆಳಿಗ್ಗೆ ಆಂಟಿಯ ಪೊರಕೆ ಹಾರ್ಡ್‌ವೇರ್ ಅಂಗಡಿಯ ಮುಂದೆ ಒಂದು ಮೊಳ ಹೋಗಿ ನಿಂತಿತು. ನಾನಾಗಿದ್ದರೆ ಇನ್ನೂ ಒಂದು ವಾರ ಗುಡಿಸುತ್ತಿದ್ದೆ.