ಮೂರು ಬಾಣಂತನಗಳ ಅನುಭವ

ಪಕ್ಕದ ಮನೆಗೆ ಮಗಳು ಬಾಣಂತನಕ್ಕೆ ಬಂದಿದ್ದಾಳೆ. ಬೆಳಿಗ್ಗೆ ಎದ್ದರೆ ಸಾಕು, ಕೆಂಡದ ಮೇಲೆ ಹಾಕಿದ ಓಮ, ಸಾಂಬ್ರಾಣಿಯ ಹೊಗೆ ನಮ್ಮ ಅಡುಗೆಮನೆಗೂ ಬರುತ್ತದೆ. ಬೇರೆಯವರಿಗೆ ಆ ವಾಸನೆಯಿಂದ ಎಳೆಮಗು ನೆನಪಾಗಬಹುದು. ನನಗೆ ನೌಕರಿಯ ಅರ್ಜಿ ನೆನಪಾಗುತ್ತದೆ. ನಗಬೇಡಿ, ಕಾರಣ ಹೇಳುತ್ತೇನೆ.

ಐವತ್ತರ ದಶಕದ ಮಾತು. ಉಮ್ಮತ್ತೂರಿನ ನಮ್ಮ ಬೀದಿಯಲ್ಲಿ ಓದಿದ ಹೆಣ್ಣು ನಾನೊಬ್ಬಳೇ. ಓದಿ ಏನಾದೆ ಎಂದರೆ, ಬಾಣಂತಿಯರ ಬದಲಿಯಾದೆ. ಯಾವ ಟೀಚರಮ್ಮ ಹೆರಿಗೆ ರಜೆ ಹಾಕಿದರೂ ಆ ಕುರ್ಚಿಗೆ ನಾನು. ಮೊದಲು ನಮ್ಮೂರಿನಲ್ಲಿ, ಆಮೇಲೆ ಚಾಮರಾಜನಗರದಲ್ಲಿ, ಕೊನೆಗೆ ಗುಂಡ್ಲುಪೇಟೆಯಲ್ಲಿ. ಅವರ ಮಗುವಿಗೆ ಕತ್ತು ನಿಲ್ಲುವ ಹೊತ್ತಿಗೆ ನನ್ನ ಕೆಲಸ ಮುಗಿಯುತ್ತಿತ್ತು. ಮಕ್ಕಳಿಗೆ ಕೂಡುವ ಲೆಕ್ಕ ಕಲಿಸಿರುತ್ತಿದ್ದೆ, ಕಳೆಯುವ ಲೆಕ್ಕಕ್ಕೆ ಅವರು ಬಂದುಬಿಡುತ್ತಿದ್ದರು.

ಅಪ್ಪನಿಗೆ ಇದು ಸಾಕಾಗಿಹೋಯಿತು. "ಈ ಸಲ ಕಾಯಂ ಆಗ್ಲಿಲ್ಲ ಅಂದ್ರೆ ದಿನಾ ಬಸ್ಸು ಅತ್ತೋದ್ನ ಬುಟ್ಬುಡು ಕಣಮ್ಮಿ. ಗಂಡು ನೋಡ್ಬುಡ್ತೀನಿ" ಎಂದರು. ಗಂಡಿನ ಮೇಲೆ ನನಗೆ ಕೋಪವೇನೂ ಇರಲಿಲ್ಲ. ಪಾಠ ಹೇಳುವುದು ನಿಂತುಹೋಗುತ್ತದಲ್ಲ ಎಂಬ ಸಂಕಟ ಮಾತ್ರ ಊಟ ಸೇರದಷ್ಟಿತ್ತು.

ಕಾಯಂ ಹುದ್ದೆಗೆ ಅರ್ಜಿ ಬರೆಯಲು ಕೂತೆ. 'ಹಂಗಾಮಿ ಉಪಾಧ್ಯಾಯಿನಿ' ಎಂದು ಬರೆದು ಗಟ್ಟಿಯಾಗಿ ಓದಿದೆ. ರಾಗಿ ಕೇರುತ್ತಿದ್ದ ಅವ್ವ ಮೊರ ಕೆಳಗಿಟ್ಟಳು. "ಅಂಗಾಮಿ ಅಂತ ಯಾಕ್ ಬರ್ಕತೀಯವ್ವ? ಯಾರ ಅಂಗ್ನಲ್ಲಿದ್ದೀಯ ನೀನು?" ಹಂಗಿಗೂ ಹಂಗಾಮಿಗೂ ಸಂಬಂಧವಿಲ್ಲವೆಂದು ತಿಳಿಸಲು ಹೋಗಿ ನನಗೇ ಅನುಮಾನ ಬಂತು. ಅವರಿವರ ಕುರ್ಚಿಯಲ್ಲಿ ಕೂತವಳು ಹಂಗಿನವಳಲ್ಲದೆ ಮತ್ತೇನು? ಆ ಪದ ಹೊಡೆದುಹಾಕಿದೆ. 'ಬದಲಿ' ಎಂದು ಬರೆಯಲು ಮನಸ್ಸು ಒಪ್ಪಲಿಲ್ಲ. ಕೊನೆಗೆ ಬಹಳ ಗಂಭೀರವಾಗಿ ಬರೆದೆ: 'ಮೂವರು ಉಪಾಧ್ಯಾಯಿನಿಯರ ಬಾಣಂತನದಲ್ಲಿ ತೃಪ್ತಿಕರವಾಗಿ ಕೆಲಸ ಮಾಡಿದ ಅನುಭವವುಂಟು.'

ಚಾಮರಾಜನಗರದ ಕಚೇರಿಗೆ ಕರೆ ಬಂತು. ಹೊರಗಿನ ಬೆಂಚಿನಲ್ಲಿ ಪಕ್ಕ ಕೂತಿದ್ದ ಹೆಂಗಸು, "ಎಷ್ಟ್ ಕೂಸ್ಗಳ ನೋಡ್ಕಂಡಿದ್ದೀಯವ್ವ?" ಎಂದು ಕೇಳಿದಳು. "ಒಂದೊಂದ್ ಕಡೆ ನಲ್ವತ್ತೈವತ್ತು" ಎಂದೆ. ಆಕೆ ಗೌರವದಿಂದ ಸರಿದು ಜಾಗ ಬಿಟ್ಟಳು. ಯಾಕೆಂದು ತಿಳಿಯಲಿಲ್ಲ.

ಒಳಗೆ ಕನ್ನಡಕದ ಹೆಂಗಸೊಬ್ಬರು ನನ್ನ ಅರ್ಜಿ ಹಿಡಿದಿದ್ದರು.

"ಮೂರೂ ಬಾಣಂತನ ಸುಸೂತ್ರವಾಗಿ ಆಯ್ತೇನಮ್ಮ?"

"ಆಯ್ತು ಮೇಡಂ. ದೂರು ಬರಲಿಲ್ಲ."

"ರಾತ್ರಿ ಮಕ್ಕಳು ಅತ್ತರೆ?"

"ರಾತ್ರಿ ಇರ್ತಿರಲಿಲ್ಲ ಮೇಡಂ. ಸಂಜೆ ಗಂಟೆ ಹೊಡೆದ ಮೇಲೆ ಕಳಿಸಿಬಿಡ್ತಿದ್ದೆ."

"ಎಲ್ಲಿಗೆ?"

"ಅವರವರ ಮನೆಗೆ."

ಇಬ್ಬರೂ ಮುಖ ಮುಖ ನೋಡಿಕೊಂಡೆವು. ಅವರೇ ಸಾವರಿಸಿಕೊಂಡು, "ಹಗಲು ಹಟ ಮಾಡಿದರೆ ಹೇಗೆ ಸುಮ್ಮನಿರಿಸ್ತಿದ್ದೆ?" ಎಂದರು.

"ಮಗ್ಗಿ ಹೇಳಿಸ್ತಿದ್ದೆ."

ಅವರು ಅರ್ಜಿಯನ್ನು ಮತ್ತೊಮ್ಮೆ ಓದಿದರು. ಆಮೇಲೆ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಅವರು ಡಾಕ್ಟರಂತೆ. ಆ ಕೋಣೆಯಲ್ಲಿ ಆರಿಸುತ್ತಿದ್ದುದು ಹೆರಿಗೆ ಆಸ್ಪತ್ರೆಯ ಆಯಾಗಳನ್ನು. ಶಾಲೆಯದೂ ಆಸ್ಪತ್ರೆಯದೂ ಅರ್ಜಿಗಳನ್ನು ಒಟ್ಟಿಗೆ ವಿಂಗಡಿಸಿದ ಗುಮಾಸ್ತರು ನನ್ನ ಅನುಭವ ನೋಡಿ ಅತ್ತ ಕಳಿಸಿಬಿಟ್ಟಿದ್ದರು. ಪುಣ್ಯಾತ್ಗಿತ್ತಿ, ತಾವೇ ಎದ್ದು ಪಕ್ಕದ ಕೋಣೆಗೆ ಕರೆದೊಯ್ದರು.

ಅಲ್ಲಿ ಶಾಲೆಯವರ ಸಂದರ್ಶನ ಮುಗಿದು ಅಧಿಕಾರಿ ಕಾಗದ ಕಟ್ಟುತ್ತಿದ್ದರು. ನನ್ನ ಅರ್ಜಿ ಓದಿ, "ಪಾಠ ಮಾಡಿದೆ ಅನ್ನೋ ಮಾತೇ ಇಲ್ಲವಲ್ಲಮ್ಮ ಇದರಲ್ಲಿ. ಯಾರ್ಯಾರೋ ಹೆತ್ತಿದ್ದು ಇದೆ. ಇರಲಿ, ಹೆಸರು ಹೇಳಿ" ಎಂದರು.

"ರಾಜಮ್ಮ ಸಾರ್."

ಹೇಳಿದ ಮೇಲೆ ಹೊಳೆಯಿತು, ಅದು ನನ್ನ ಹೆಸರಲ್ಲ. ರಾಜಮ್ಮ ಗುಂಡ್ಲುಪೇಟೆಯಲ್ಲಿ ರಜೆ ಹಾಕಿದ್ದ ಟೀಚರಮ್ಮನ ಹೆಸರು. ಅಲ್ಲಿನ ಮಕ್ಕಳು ನನ್ನ ಹೆಸರು ಕೇಳುವ ಗೋಜಿಗೇ ಹೋಗಿರಲಿಲ್ಲ. ಆ ಕುರ್ಚಿಯಲ್ಲಿ ಕೂತವರೆಲ್ಲ ಅವರಿಗೆ ರಾಜಮ್ಮ ಟೀಚರೇ. ನಾನೂ ಓಗೊಟ್ಟು ಓಗೊಟ್ಟು ಅದೇ ರೂಢಿಯಾಗಿತ್ತು.

ತಡವರಿಸುತ್ತಾ ಇದನ್ನೆಲ್ಲ ಹೇಳಿದೆ. ಅವರು ನಗಲಿಲ್ಲ. ಒಂದು ಬಿಳಿ ಹಾಳೆ ಕೊಟ್ಟು, "ಅವರಿವರ ವಿಷಯ ಬೇಡ. ನೀವೇನು ಮಾಡಿದಿರಿ, ಅದನ್ನು ಬರೆದುಕೊಂಡು ಬನ್ನಿ" ಎಂದರು.

ಜಗುಲಿಯಲ್ಲಿ ಕೂತು 'ನಾನು' ಎಂದು ಬರೆದೆ. ಮುಂದಕ್ಕೆ ಏನೂ ತೋಚಲಿಲ್ಲ. ನನ್ನದು ಎನ್ನುವುದು ಯಾವುದು, ಅವರದು ಯಾವುದು ಎಂದೇ ಗಲಿಬಿಲಿ. ಕೊನೆಗೆ, ಪೆನ್ಸಿಲ್ ಹಿಡಿಯಲು ಬಾರದವರಿಗೆ ಬರೆಯಲು ಕಲಿಸಿದ್ದೇನೆ ಎಂದು ಬರೆದೆ. ಓದಿಕೊಂಡರೆ ಅಳು ಬಂತು.

ಕೆಲಸ ಕಾಯಂ ಆಯಿತು. ಆರ್ಡರನ್ನು ತಿರುಗಿಸಿ ಮುರುಗಿಸಿ ನೋಡಿದ ಅಪ್ಪ, "ಸರಿ, ಓಗು" ಎಂದರು, ಅಷ್ಟೇ.

ನಿನ್ನೆ ಪಕ್ಕದ ಮನೆಯ ಮಗು ನೋಡಲು ಹೋಗಿದ್ದೆ. ಬಾಣಂತಿ ಹುಡುಗಿಯೂ ಟೀಚರು. ಮಾತಾಡುತ್ತಿದ್ದಂತೆ ಫೋನ್ ಬಂತು. ಪರದೆಯ ಮೇಲೆ 'ಟೆಂಪರವರಿ' ಎಂದಿತ್ತು. "ಅಜ್ಜಿ, ನನ್ನ ಜಾಗಕ್ಕೆ ಬಂದಿರೋಳು. ಪಾಠ ಎಲ್ಲೀವರೆಗಾಗಿತ್ತು ಅಂತ ಕೇಳ್ತಾಳೆ" ಎಂದಳು.

"ಹೆಸರೇನಮ್ಮಿ ಅವಳದು?"

"ಕೇಳಿಲ್ಲ ಅಜ್ಜಿ."

"ಈಗ ಕೇಳು."

ಕೇಳಿದಳು. ನನಗೂ ಕೇಳಲೆಂದು ಫೋನಿನ ದನಿ ಜೋರು ಮಾಡಿದಳು. ಆ ಕಡೆಯ ಹುಡುಗಿ ಹೆಸರು ಹೇಳಿದಳು, ತಂದೆಯ ಹೆಸರು, ಊರು ಸಮೇತ, ಎದ್ದು ನಿಂತವಳ ದನಿಯಲ್ಲಿ.