ನೀರಿನ ದಿನ ಊರು ನೋಡಲು ಬಂದವರು

ನಮ್ಮೂರಲ್ಲಿ ಶುಭಕಾರ್ಯಕ್ಕೆ ದಿನ ಹಿಡಿಯಲು ಪಂಚಾಂಗವೊಂದೇ ಸಾಲದು, ನೀರಿನ ಸರದಿಯನ್ನೂ ವಿಚಾರಿಸಬೇಕು. ನಲ್ಲಿಯಲ್ಲಿ ಐದಾರು ದಿನಕ್ಕೊಮ್ಮೆ ನೀರು ಬರುವ ಊರಿದು. ಆ ದಿನ ಮನೆಯಲ್ಲಿ ಯಾರಾದರೂ ಇರಲೇಬೇಕು. "ಇವತ್ತು ನಮ್ಮ ಓಣಿಗೆ ನೀರು" ಅಂದರೆ ಮದುವೆಗೆ ಬಾರದವರನ್ನೂ ಯಾರೂ ಆಡಿಕೊಳ್ಳುವುದಿಲ್ಲ. ಚಿಕಲಠಾಣಾದಲ್ಲಿ ನಾನು ಕೆಲಸ ಮಾಡುವ ಕಾರ್ಖಾನೆಯ ಸಾಹೇಬರು ಜ್ವರ ಅಂದರೆ ನಂಬುವುದಿಲ್ಲ, ನೀರು ಅಂದರೆ ಮರುಮಾತಿಲ್ಲದೆ ರಜೆ ಕೊಡುತ್ತಾರೆ. ಅವರಿಗೂ ಮನೆ ಇದೆಯಲ್ಲ.

ಬೋರ್ಡುಗಳ ಮೇಲೆ ಈಗ ಛತ್ರಪತಿ ಸಂಭಾಜಿನಗರ ಎಂದಿದೆ. ನಮ್ಮ ಮನೆಯಲ್ಲಿ ಮಾತ್ರ ಇದು ಮೊದಲಿನಿಂದಲೂ ಬರೀ 'ಊರು'. ಅಪ್ಪ ಬೀದರ್ ಕಡೆಯಿಂದ ಬಂದು ಇಲ್ಲಿ ಬಟ್ಟೆ ಅಂಗಡಿ ಇಟ್ಟವರು. ಅವರು 'ನಮ್ಮ ಕಡೆ' ಅಂದರೆ ಬೀದರ್, 'ಊರು' ಅಂದರೆ ಇದು. ಇಲ್ಲೇ ಹುಟ್ಟಿ ಬೆಳೆದ ನನಗೆ ಎರಡೂ ಇದೇ.

ಬಾವನ್ ದರ್ವಾಜೆ, ಅಂದರೆ ಐವತ್ತೆರಡು ಬಾಗಿಲುಗಳ ಊರು ಎಂದು ಎಲ್ಲರೂ ಹೇಳುತ್ತಾರೆ. ಎಣಿಸಿದವರನ್ನು ನಾನಿನ್ನೂ ನೋಡಿಲ್ಲ. ಈಗ ನಿಂತಿರುವವು ಕೆಲವೇ, ಆದರೆ ಬಿದ್ದುಹೋದ ಬಾಗಿಲುಗಳೂ ವಿಳಾಸ ಹೇಳಲು ಕೆಲಸಕ್ಕೆ ಬರುತ್ತಿವೆ. "ಆ ದರ್ವಾಜೆ ಹತ್ತಿರ ಬಲಕ್ಕೆ ಹೊರಳಿ" ಎಂದವನ ಮಾತು ನಂಬಿ ಹೊಸಬರು ದರ್ವಾಜೆ ಹುಡುಕುತ್ತಾ ನಿಲ್ಲುತ್ತಾರೆ. ಅದು ಬಿದ್ದದ್ದು ತನ್ನ ಅಜ್ಜನ ಕಾಲದಲ್ಲಿ ಎಂದು ಅವನಿಗೂ ಗೊತ್ತು. ಇನ್ನು ನಿಂತಿರುವ ಬಾಗಿಲುಗಳಲ್ಲಿ ಒಂದು ಆಟೋ ಒಳಗೆ ಬರುವಾಗ ಇನ್ನೊಂದು ಹೊರಗೆ ಹೋಗುವಂತಿಲ್ಲ. ಎರಡೂ ಮೂತಿಗೆ ಮೂತಿ ಕೊಟ್ಟು ಹಾರ್ನ್ ಹೊಡೆಯುತ್ತಿರುತ್ತವೆ. ಆನೆಗಳು ನಡೆದ ಬಾಗಿಲನ್ನು ಒಂದು ಹಾಲಿನ ಟೆಂಪೋ ಅರ್ಧ ಗಂಟೆ ಕಟ್ಟಿಹಾಕಿದ್ದನ್ನು ನಾನೇ ಕಂಡಿದ್ದೇನೆ. ನಮ್ಮ ಮನೆ ಇರುವುದು ಅಂಥದೇ ಒಂದು ಬಾಗಿಲ ಒಳಗೆ.

ಬಂದವರಿಗೆ ಊರು ತೋರಿಸುವುದು ಮನೆಯಲ್ಲಿ ನನ್ನ ಪಾಲಿನ ಕೆಲಸ. ನನಗೆ ಬಾಯಿ ಜೋರು, ಕಾಲೂ ಜೋರು. ಮಕ್‌ಬರಾ ಅನ್ನುವ ಹಳೆಯ ಗೋರಿ, ಪಾನ್‌ಚಕ್ಕಿ, ದೌಲತಾಬಾದ್ ಕೋಟೆ, ವೇಳೆ ಉಳಿದರೆ ವೇರೂಳದ ಗುಹೆ, ಇದು ಕ್ರಮ. ಊರಿನವರು ಇವನ್ನೆಲ್ಲ ನೋಡುವುದು ಬೀಗರು ಬಂದಾಗ ಮಾತ್ರ. ಎಷ್ಟು ಸಲ ಹೋದರೂ ನನಗೆ ಬೇಸರವಾಗುವುದಿಲ್ಲ, ಏಕೆಂದರೆ ನಾನು ಕಟ್ಟಡ ನೋಡುವುದಿಲ್ಲ, ನೋಡುವವರ ಮುಖ ನೋಡುತ್ತೇನೆ. ಮಕ್‌ಬರಾ ಕಂಡು "ಡುಪ್ಲಿಕೇಟ್ ತಾಜ್‌ಮಹಲ್" ಅಂದವರ ಮೇಲೆ ನನಗೆ ವರ್ಷಗಟ್ಟಲೆ ಸಿಟ್ಟು ಉಳಿಯುತ್ತದೆ.

ಕಾರ್ಖಾನೆಯಲ್ಲಿ ನನ್ನ ಕೆಲಸ ಬಿಡಿಭಾಗಗಳನ್ನು ಅಳೆದು ನೋಡಿ, ಸರಿಯಿಲ್ಲದ್ದನ್ನು ಬದಿಗೆ ಹಾಕುವುದು. ಬಂದ ಸಂಬಂಧಗಳನ್ನೂ ಇವಳು ಹಾಗೇ ಬದಿಗೆ ಹಾಕುತ್ತಾಳೆ ಎಂದು ಅವ್ವನ ಗೋಳು. ನನ್ನದು ಒಂದೇ ಷರತ್ತು: ಈ ಊರು ಬಿಡುವುದಿಲ್ಲ. ಅದನ್ನು ಕೇಳಿದ ಕೂಡಲೇ ಬಂದವರು ಚಹಾದ ಕಪ್ ಕೆಳಗಿಡುತ್ತಿದ್ದರು. ಕೆಲವು ವರ್ಷಗಳ ಹಿಂದೆ ನಾಸಿಕದ ಒಬ್ಬ ಮಾತ್ರ ಹಾಗೆ ಮಾಡಲಿಲ್ಲ. ಅವನ ತಂದೆ ಕಲಬುರಗಿ ಕಡೆಯವರು, ಬ್ಯಾಂಕಿನ ವರ್ಗಾವಣೆಯ ಮೇಲೆ ಹೋಗಿ ಅಲ್ಲೇ ನೆಲೆ ನಿಂತವರು. ಅವನದು ಕೇಂದ್ರ ಸರ್ಕಾರದ ನೌಕರಿ. ಸಂಬಂಧಿಕರ ಮನೆಯಲ್ಲಿ ಒಮ್ಮೆ ಭೇಟಿಯಾಗಿದ್ದೆವು, ಆಮೇಲೆ ಫೋನಿನಲ್ಲಿ ಮಾತಾಡಿದ್ದೆವು. "ಊರು ನೋಡ್ತೀನಿ. ಹೊಂದ್ತದ ಅನ್ನಿಸಿದ್ರ ಅಲ್ಲಿಗೇ ಬದ್ಲಿ ಕೇಳ್ತೀನಿ" ಎಂದಿದ್ದ. ಅವನು ನನಗೆ ಇಷ್ಟವಾಗಿದ್ದ. ಸುಮ್ಮನೆ ಹೇಳುವುದೇಕೆ, ಬಹಳವೇ ಇಷ್ಟವಾಗಿದ್ದ. ಆದ್ದರಿಂದ ಊರು ಅವನಿಗೆ ಹಿಡಿಸಲೇಬೇಕಿತ್ತು. ಹಿಡಿಸದಿದ್ದರೆ ಅವನನ್ನೋ ಊರನ್ನೋ ಒಂದನ್ನು ನಾನು ಬಿಡಬೇಕಿತ್ತು.

ದಸರಾ ಕಳೆದ ಮೇಲೆ ಒಂದು ಭಾನುವಾರ ಬರುತ್ತೇವೆ ಎಂದರು. ಅವ್ವ ನೀರಿನ ಸರದಿ ನೋಡಿಯೇ ಹೂಂ ಅಂದಿದ್ದಳು. ಆದರೆ ಎಲ್ಲೋ ಪೈಪ್ ಒಡೆದು, ಶನಿವಾರ ಬರಬೇಕಾದ ನೀರು ಭಾನುವಾರ ಸಂಜೆಗೆ ಹೋಯಿತು. ಅವ್ವ ತಲೆಯ ಮೇಲೆ ಕೈ ಹೊತ್ತು ಕೂತಳು. ಆಮೇಲೆ ಅವಳೇ ಒಂದು ಉಪಾಯ ಹೂಡಿದಳು.

"ಊಟ ಆದ ಕೂಡ್ಲೇ ಅವ್ರನ್ನ ಕರ್ಕೊಂಡು ಹೊಂಟುಬಿಡು. ನೀರು ಬಂದು ಹೋಗೂತನಾ ಮನಿ ಕಡಿ ಸುಳೀಬ್ಯಾಡ. ಅವ್ರು ಗೋದಾವರಿ ದಂಡಿಮ್ಯಾಲೆ ಇರೋ ಮಂದಿ. ನಮ್ಮ ಓಣಿ ತಮಾಷಾ ಕಂಡ್ರ ಹುಡುಗ ಬಂದ ದಾರಿ ಹಿಡೀತಾನ."

ತಾಯಿ ಮಗ ಇಬ್ಬರೇ ಬಂದರು. ತಂದೆಗೆ ಮರುದಿನ ಬ್ಯಾಂಕಿನಲ್ಲಿ ಆಡಿಟ್ ಇತ್ತಂತೆ. ಬೆಳಿಗ್ಗೆ ಹತ್ತಕ್ಕೆ ಬರಬೇಕಾದವರು ಮಧ್ಯಾಹ್ನ ಬಂದರು. ದಾರಿಯಲ್ಲಿ ಯೇವಲಾದಲ್ಲಿ ಇಳಿದ ತಾಯಿ ಪೈಠಣಿ ಸೀರೆಯ ಮಗ್ಗದ ಮುಂದೆ ಕೂತುಬಿಟ್ಟಿದ್ದರಂತೆ. "ತಗೊಂಡಿಲ್ಲವ್ವ, ಬರೀ ನೋಡಿದೆ. ಅವರ ಕೈ ನೋಡಿಕೋತ ಕುಂತ್ರ ಟೈಮೇ ತಿಳೀಲಿಲ್ಲ" ಎಂದರು. ನೋಡಲೆಂದೇ ಅಷ್ಟು ಹೊತ್ತು ಕೂರುವ ಹೆಂಗಸು ನನಗೆ ಆಗಲೇ ಹಿಡಿಸಿದರು. ಅವ್ವನಿಗೆ ಗಡಿಯಾರವೇ ಕಾಣುತ್ತಿತ್ತು. ಹೋಳಿಗೆ ಗಂಟಲಲ್ಲಿ ಇಳಿಯುವ ಮೊದಲೇ ಅವರನ್ನು ಎಬ್ಬಿಸಿದಳು. ಬೀಗರಾಗಬೇಕಾದವರನ್ನು ಎಲೆ ಅಡಿಕೆಯನ್ನೂ ಕೊಡದೆ ಆಟೋ ಹತ್ತಿಸಿದ ಮನೆ ನಮ್ಮದೊಂದೇ ಇರಬೇಕು.

ಮಕ್‌ಬರಾದ ಬಾಗಿಲಲ್ಲಿ ನಾನು ಇಬ್ಬರ ಮುಖವನ್ನೇ ನೋಡುತ್ತಾ ನಿಂತೆ. ತಾಯಿ ಕೈಯನ್ನು ಹಣೆಗೆ ಹಿಡಿದು ನೋಡಿ, "ತಾಜ್‌ಮಹಲ್ ಹಂಗೇ ಅದ ಅಲ್ಲ?" ಎಂದರು. ನಾನು ಹಲ್ಲು ಕಚ್ಚಿಕೊಂಡು, "ಅದು ಗಂಡ ಹೆಂಡತಿಗೆ ಕಟ್ಟಿಸಿದ್ದು ಕಾಕೂ, ಇದು ಮಗ ತಾಯಿಗೆ ಕಟ್ಟಿಸಿದ್ದು ಅಂತಾರ" ಅಂದೆ. ಅವರ ಮುಖ ಅರಳಿತು.

"ನೋಡಪ್ಪಾ, ಮಗ ಅಂದ್ರ ಹಿಂಗ ಇರಬೇಕು" ಎಂದು ಅವನನ್ನು ತಿವಿದರು.

"ಕಟ್ಟಸ್ತೀನಿ ಆಯಿ. ನೀ ಅವಸರ ಮಾಡಬ್ಯಾಡ" ಎಂದ ಅವನು.

ನಾವು ಮೂವರೂ ನಕ್ಕೆವು. ಆಮೇಲೆ ಅವನು ಗೋಡೆಯ ಹತ್ತಿರ ಹೋಗಿ, ಅಮೃತಶಿಲೆ ಎಲ್ಲಿ ಮುಗಿದು ಗಾರೆ ಎಲ್ಲಿ ಶುರುವಾಗುತ್ತದೆ ಎಂದು ಬೆರಳಿಟ್ಟು ಹುಡುಕಿದ. ಜನ ಸಾಮಾನ್ಯವಾಗಿ ಇಲ್ಲಿ ಸೆಲ್ಫಿ ತೆಗೆಯುತ್ತಾರೆ. ಇವನು ಮಾತ್ರ ದುಡ್ಡು ಸಾಲದೆ ಬಿಟ್ಟರೋ, ಇಷ್ಟೇ ಸಾಕೆಂದು ಬಿಟ್ಟರೋ ಎಂದು ಕೇಳಿದ. ಇಷ್ಟು ವರ್ಷ ಅದನ್ನು ಕೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ.

ಪಾನ್‌ಚಕ್ಕಿಯಲ್ಲಿ ಪೇಚಿಗೆ ಸಿಕ್ಕಿಕೊಂಡೆ. ಅದು ನೀರಿನಿಂದ ತಿರುಗುವ ಹಳೆಯ ಬೀಸುಕಲ್ಲು. ಬೆಟ್ಟದ ನೀರು ನೆಲದಡಿಯ ಮಣ್ಣಿನ ಕೊಳವೆಗಳಲ್ಲಿ ಹರಿದು ಬಂದು, ಎತ್ತರದ ಗೋಡೆಯೊಳಗೆ ತಾನೇ ಏರಿ, ತುದಿಯಿಂದ ಕೊಳಕ್ಕೆ ಧುಮುಕುತ್ತದೆ. ಮಳೆಗಾಲ ಆಗಷ್ಟೇ ಮುಗಿದಿತ್ತು, ನೀರು ಜೋರಾಗಿ ಬೀಳುತ್ತಿತ್ತು. ಅವನ ಕನ್ನಡ ಅರ್ಧ ಮರಾಠಿ, ಆದರೆ ಪ್ರಶ್ನೆಗಳಿಗೆ ಕೊರತೆ ಇರಲಿಲ್ಲ.

"ಮೋಟರ್ ಇಲ್ಲದ ಪಾಣಿ ಮ್ಯಾಲೆ ಹ್ಯಾಂಗ ಹತ್ತದ್ರಿ?"

"ಹತ್ತತದ್ರಿ. ಆಗಿನವ್ರಿಗೆ ಗೊತ್ತಿತ್ತು."

"ಲೈಟ್ ಹೋದ್ರೂ?"

"ಆಗ ಲೈಟೇ ಇರ್ಲಿಲ್ರಿ."

ಅವನು ಕತ್ತೆತ್ತಿ ಗೋಡೆಯ ತುದಿ ನೋಡಿದ. "ಹಂಗಾದ್ರ ನಿಮ್ಮ ಊರಾಗ ಪಾಣಿ ಟೆನ್ಶನ್ ಬಿಲ್‌ಕುಲ್ ಇಲ್ಲ ಅನ್ರಿ."

"ಮೀನು ನೋಡ್ರಿ, ಎಷ್ಟು ದೊಡ್ಡವು ಅವ" ಎಂದು ಕೊಳದ ಕಡೆ ಕೈ ತೋರಿಸಿದೆ.

ದೌಲತಾಬಾದಿನ ದಾರಿಯಲ್ಲಿ ಆಟೋದಿಂದ ತಲೆ ಹೊರಹಾಕಿ, ಎಲ್ಲರ ಮನೆ ಮುಂದೆಯೂ ನೀಲಿ ಡ್ರಮ್ಮುಗಳೇಕೆ ಎಂದು ಕೇಳಿದ. ಕೋಟೆಯ ಮೇಲೆ ಗಾಳಿ ಬಹಳ ಚೆನ್ನಾಗಿರುತ್ತದೆ ಎಂದೆ. ಕೋಟೆಯ ಮೇಲೆಯೇ ಅವ್ವನ ಲೆಕ್ಕವೆಲ್ಲ ನಿಂತಿತ್ತು. ಹತ್ತಿ ಇಳಿಯುವಷ್ಟರಲ್ಲಿ ಸಂಜೆಯಾಗುತ್ತದೆ, ಅಷ್ಟರಲ್ಲಿ ಮನೆಯ ನೀರಿನ ಟಾಕಿ ತುಂಬಿರುತ್ತದೆ. ಆದರೆ ತಾಯಿ ಬುಡದಲ್ಲಿ ಇಳಿದು, ಸೊಂಟಕ್ಕೆ ಕೈಯಿಟ್ಟು ಬೆಟ್ಟವನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಇದನ್ನ ಶತ್ರುಗಳಿಗೇ ಹತ್ತಾಕ ಆಗಿಲ್ಲಂತ. ನನಗೆಲ್ಲಿ ಆಗ್ತದವ್ವ?"

ನಾನು ಅರ್ಧ ದಾರಿಯಾದರೂ ಎಂದೆ, ಮೊದಲನೇ ಬಾಗಿಲಾದರೂ ಎಂದೆ. ಅವರು ರಸ್ತೆ ಬದಿಯಲ್ಲಿ ಬುಟ್ಟಿ ಇಟ್ಟುಕೊಂಡವಳ ಹತ್ತಿರ ಸೀತಾಫಲ ಆರಿಸಿ, ಚೀಲ ತುಂಬಿಕೊಂಡು ಬಂದು ಆಟೋದಲ್ಲಿ ಕೂತರು. ಆಗಲೇ ಅವ್ವನ ಫೋನ್ ಬಂತು. "ಪ್ರೆಶರ್ ಇಲ್ಲ, ಕೆಳಗಿನ ಟಾಕೀನೇ ತುಂಬಿಲ್ಲ. ಬರಬ್ಯಾಡ!" ನಾನು ಬಾಯಿ ತೆರೆಯುವ ಮೊದಲೇ ತಾಯಿ ನನ್ನ ಕೈಯಿಂದ ಫೋನ್ ತೆಗೆದುಕೊಂಡರು. "ಅಕ್ಕಾ, ಹೊಂಟೀವ್ರಿ. ಚಹಾಕ್ಕ ಇಡ್ರಿ" ಎಂದರು. ಆ ಕಡೆಯಿಂದ ಅವ್ವ "ಬರ್ರಿ, ಬರ್ರಿ" ಎಂದದ್ದು ನನಗೂ ಕೇಳಿಸಿತು. ಅಂಥ ಸಣ್ಣ ದನಿ ಅವಳಿಗೆ ಇದೆಯೆಂದೇ ನನಗೆ ಗೊತ್ತಿರಲಿಲ್ಲ.

ಓಣಿಯಲ್ಲಿ ಆಟೋ ಬರಲು ಜಾಗವಿರಲಿಲ್ಲ. ಎಲ್ಲೆಲ್ಲೂ ಪೈಪು. ಒಬ್ಬರ ಮನೆಯ ಪೈಪು ಇನ್ನೊಬ್ಬರ ಕಿಟಕಿಯಲ್ಲಿ ಹೊಕ್ಕು ಮೂರನೆಯವರ ಮಾಳಿಗೆಗೆ ಏರಿತ್ತು. ಎಲ್ಲ ಮೋಟರುಗಳೂ ಒಟ್ಟಿಗೆ ಗುರ್‍ರೆನ್ನುತ್ತಿದ್ದವು. ಅಪ್ಪ ಬನಿಯನ್ನಿನಲ್ಲಿ ಮಾಳಿಗೆಯ ಮೇಲೆ ನಿಂತು "ಬಂದ್ ಮಾಡು, ಬಂದ್ ಮಾಡು" ಎಂದು ಕೂಗುತ್ತಿದ್ದರು. ಅವ್ವ ಸೀರೆ ಎತ್ತಿಕಟ್ಟಿ, ಬರಿಗಾಲಲ್ಲಿ, ಪಕ್ಕದ ಮನೆಯ ಮಾವಶಿಯ ಜೊತೆ ಯಾರ ಮೋಟರು ಯಾರ ನೀರು ಎಳೆಯಿತು ಎಂದು ಮರಾಠಿಯಲ್ಲಿ ಜಗಳಕ್ಕೆ ನಿಂತಿದ್ದಳು. ನಮ್ಮನ್ನು ಕಂಡವಳೇ ಸೀರೆ ಇಳಿಬಿಟ್ಟಳು, ಅದು ನೀರಲ್ಲಿ ಬಿತ್ತು. ಒಳಗೆ ಕೊಡ, ಬಕೆಟ್ಟು, ಕುಕ್ಕರು, ದೇವರ ತಂಬಿಗೆ ಎಲ್ಲವೂ ತುಂಬಿದ್ದವು. ಚಹಾ ಕಾಸುವ ಪಾತ್ರೆಯೂ ತುಂಬಿತ್ತು.

ಅವನು ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದ. "ರೋಜ್ ಹಿಂಗೇ ಏನ್ರಿ?"

ನನಗೆ ನಾಚಿಕೆಯೂ ಸಿಟ್ಟೂ ಒಟ್ಟಿಗೆ ಬಂದವು. "ರೋಜ್ ಅಲ್ರಿ, ರೋಜ್ ಬಂದ್ರ ಇಷ್ಟೆಲ್ಲ ಯಾಕ? ಐದಾರು ದಿನಕ್ಕೊಮ್ಮಿ. ನಮ್ಮೂರು ಇದೇ. ಆ ಗುಮ್ಮಟ ಅಲ್ಲ, ಆ ಕೋಟಿ ಅಲ್ಲ, ಇದು. ಬ್ಯಾಡ ಅನಿಸಿದ್ರ ಈಗೇ ಹೇಳ್ರಿ. ನನಗ ಇದನ್ನ ಬಿಟ್ಟು ಬರಾಕ ಆಗೂದಿಲ್ಲ."

ಜಗಳ ನಿಂತಿತು. ಮಾವಶಿಗೆ ಕನ್ನಡ ಬಾರದಿದ್ದರೂ ಎಲ್ಲ ತಿಳಿಯಿತು.

"ಮಧ್ಯಾಹ್ನದಿಂದ ನಾ ಇದನ್ನೇ ಕೇಳಾಕತ್ತೀನಿ" ಎಂದ ಅವನು. "ನೀವು ಮೀನು ತೋರಿಸಿದ್ರಿ."

ಅವನ ತಾಯಿ ಸೀತಾಫಲದ ಚೀಲವನ್ನು ಗೂಟಕ್ಕೆ ತೂಗುಹಾಕಿ, ಸೆರಗು ಸಿಕ್ಕಿಸಿ, ದಾರಿಯಲ್ಲಿದ್ದ ಕೊಡವನ್ನು ಸೊಂಟಕ್ಕೆತ್ತಿಕೊಂಡರು. "ಇದು ನಮ್ಮ ಗೋದಾವರಿ ನೀರೇ ಅಲ್ಲೇನ್ರಿ ಅಕ್ಕಾ? ನಾಸಿಕದಾಗ ನಾ ಬಾಂಡೆ ತಿಕ್ಕಿದ್ದು ಇಲ್ಲಿಗೆ ಬರ್ತದ ನೋಡ್ರಿ."

ಅವ್ವನಿಗೆ ಜೀವ ಬಂತು. "ಬರ್ತದ್ರಿ. ಆದ್ರ ಅದಕ್ಕ ಪುರಸೊತ್ತು ಸಿಗಬೇಕಲ್ರಿ."

ಇಬ್ಬರೂ ಒಳಗೆ ನಕ್ಕದ್ದು ಮಾಳಿಗೆಯ ಅಪ್ಪನಿಗೂ ಕೇಳಿ, ಅವರು ಬಗ್ಗಿ ನೋಡಿದರು. ಅವನೂ ಪ್ಯಾಂಟು ಮಡಚಿ ಮೇಲೆ ಹತ್ತಿದ. ಉಪಯೋಗವೇನೂ ಆಗಲಿಲ್ಲ. ಪೈಪು ಹಿಡಿದವನು ಡ್ರಮ್ಮಿನ ಬದಲು ಅಪ್ಪನ ಬನಿಯನ್ನಿಗೆ ನೀರು ಬಿಟ್ಟ. ಅದೂ ಅಲ್ಲದೆ ಯಾವ ಪೈಪು ಎಲ್ಲಿಂದ ಬರುತ್ತದೆ, ಮೊದಲು ಕುಡಿಯುವ ನೀರೋ ಬಳಸುವ ನೀರೋ, ನಡುವೆ ಕರೆಂಟು ಹೋದರೆ ಏನು ಗತಿ ಎಂದು ಕೇಳಿ ಕೇಳಿ ಅಪ್ಪನ ತಲೆ ತಿಂದ. ಅಂಗಡಿಯಲ್ಲಿ ಗಿರಾಕಿಗೆ ಎರಡು ಮಾತು ಹೆಚ್ಚು ಆಡದ ಅಪ್ಪ ಪ್ರತಿಯೊಂದಕ್ಕೂ ಉತ್ತರ ಕೊಟ್ಟರು. ಕೊನೆಗೆ ನಲ್ಲಿ ಗಾಳಿ ಉಗುಳಿ ಸುಮ್ಮನಾಯಿತು, ಮೋಟರುಗಳು ಒಂದೊಂದಾಗಿ ನಿಂತವು. ಮಾವಶಿ ತಮ್ಮ ಮನೆಯಿಂದಲೇ ಎಲ್ಲರಿಗೂ ಚಹಾ ಕಳಿಸಿದರು.

ಅವರು ಹೊರಡುವವರೆಗೂ ಮದುವೆಯ ಮಾತು ಯಾರೂ ಎತ್ತಲಿಲ್ಲ. ಅವ್ವ ನನ್ನ ಮುಖ ನೋಡುತ್ತಾಳೆ, ನಾನು ನೆಲ ನೋಡುತ್ತೇನೆ. ಊರಿಗೆ ಹೋಗಿ ತಿಳಿಸುತ್ತೇವೆ ಅನ್ನುತ್ತಾರೆ ಎಂದುಕೊಂಡೆ. ಹಾಗಂದವರು ಯಾರೂ ತಿಳಿಸಿದ್ದಿಲ್ಲ. ಅವನು ಮೆಟ್ಟಿಲ ಮೇಲೆ ಕೂತು ಒದ್ದೆ ಕಾಲಿಗೆ ಬೂಟು ಹಾಕಿಕೊಳ್ಳುತ್ತಾ, ಅವ್ವನನ್ನು ಕೇಳಿದ:

"ಮುಂದಿನ ನೀರು ಯಾವಾಗ್ರಿ?"

ಅವ್ವ ಬೆರಳಲ್ಲಿ ದಿನ ಎಣಿಸಿ, "ಶುಕ್ರವಾರ ಬರಬೇಕ್ರಿ. ಯಾಕ್ರಿ?" ಎಂದಳು.

"ರಜಾ ಹಾಕಿ ಬರ್ತೀನ್ರಿ. ಯಾವ ಡ್ರಮ್ ಮೊದಲು ತುಂಬಬೇಕಂತ ನನಗೂ ಬರಬೇಕಲ್ಲ."

ಅವ್ವ "ಹೌದ್ರಿ" ಅಂದಳು, ಮರುಕ್ಷಣ ಅರ್ಥವಾಗಿ ಬಾಯಿಗೆ ಸೆರಗು ಹಚ್ಚಿಕೊಂಡಳು. ನಾನು ಎಲೆ ಅಡಿಕೆ ತರುವ ನೆವ ಮಾಡಿ ಒಳಗೆ ಓಡಿದೆ. ಕಾಲಿಡಲು ಜಾಗವಿಲ್ಲದಂತೆ ಇಟ್ಟಿದ್ದ ಕೊಡಗಳ ನಡುವೆ ನಿಂತು, ಖುಷಿ ತಡೆಯಲಾರದೆ ಅತ್ತುಬಿಟ್ಟೆ.