ಸಿದ್ದಕ್ಕನ ಕೈ ಮುಟ್ಟದ ಬ್ರೆಡ್ಡು

ಹೊಳಲ್ಕೆರೆಯ ಬಸ್ ನಿಲ್ದಾಣ ದಾಟಿ ಚಿಕ್ಕಜಾಜೂರಿನ ರಸ್ತೆಗೆ ಹೊರಳಿಕೊಂಡರೆ ಎಡಗಡೆ ಚಿತ್ರಲಿಂಗಪ್ಪನ ಬೇಕರಿ. ಅದರ ಹಿಂದಿನ ಕೋಣೆಯಲ್ಲಿ ಓವನ್ನಿನ ಮುಂದೆ ನಿಲ್ಲುವ ಕೆಲಸ ಸಿದ್ದಕ್ಕನದು. ಹಿಟ್ಟು ಕಲಸುವವರು ಬಂದರು, ಹೋದರು. ಗಲ್ಲಾಪೆಟ್ಟಿಗೆಯ ಮುಂದೆ ಕೂರುವವರೂ ಬದಲಾದರು. ಬೇಯಿಸುವವಳು ಮಾತ್ರ ಬದಲಾಗಲಿಲ್ಲ. ಗಿರಾಕಿಗಳು ಖಾರ ಬನ್ನನ್ನು ಮುರಿದು ಒಳಗಿನ ಮೆದುವನ್ನು ನೋಡಿ ‘ಇದು ಸಿದ್ದಕ್ಕನ ಕೈ’ ಎನ್ನುತ್ತಿದ್ದರು. ಎರಡು ಸಾವಿರದ ಹನ್ನೊಂದರ ಬೇಸಿಗೆಯಲ್ಲಿ ಬನ್ನು ಕೆಡತೊಡಗಿದಾಗಲೂ ಅವರ ಬಾಯಿಗೆ ಬಂದದ್ದು ಆ ಕೈಯೇ.

ಆಕೆ ಹುಟ್ಟಿದ್ದು ಹೊಸದುರ್ಗದ ಕಡೆಯ ಒಂದು ಹಟ್ಟಿಯಲ್ಲಿ, ಕುರಿ ಕಾಯುವವರ ಮನೆಯಲ್ಲಿ. ಮದುವೆಯಾಗಿ ಬಂದ ಮೇಲೆ ಗಂಡ ಚಿಕ್ಕಜಾಜೂರಿನ ರೈಲು ನಿಲ್ದಾಣದಲ್ಲಿ ಮೂಟೆ ಹೊರುತ್ತಿದ್ದ. ಅವನ ಸೊಂಟ ಬಿದ್ದುಹೋದ ವರ್ಷ ಸಿದ್ದಕ್ಕ ಬೇಕರಿಗೆ ಸೇರಿದಳು. ಆಗ ಯಜಮಾನಿಕೆ ಚಿತ್ರಲಿಂಗಪ್ಪನ ತಂದೆ ಅಜ್ಜಪ್ಪನವರದು. ಅವಳಿಗೆ ಕೊಟ್ಟದ್ದು ಟ್ರೇ ತೊಳೆಯುವ ಕೆಲಸ. ಟ್ರೇ ತೊಳೆಯುತ್ತಲೇ ಸೌದೆಯ ಭಟ್ಟಿಯನ್ನು ನೋಡಿ ಕಲಿತಳು. ಭಟ್ಟಿಯ ನೆಲದ ಮೇಲೆ ಒಂದು ಚಿಟಿಕೆ ಹಿಟ್ಟು ಎಸೆದು, ಅದು ಎಷ್ಟು ಬೇಗ ಕೆಂಪಗಾಗುತ್ತದೆ ಎಂಬುದರಿಂದ ಕಾವನ್ನು ಅಳೆಯುವುದು ಅಲ್ಲಿಯ ಪದ್ಧತಿ. ಒಂದು ದಿನ ಭಟ್ಟಿಯವನು ಬರಲಿಲ್ಲ. ಅಜ್ಜಪ್ಪನವರು ಅವಳ ಕಡೆ ನೋಡಿದರು. ಅಂದಿನಿಂದ ಟ್ರೇ ತೊಳೆಯುವ ಕೆಲಸ ಬೇರೆಯವರದಾಯಿತು.

ಅಜ್ಜಪ್ಪನವರ ನಂತರ ಚಿತ್ರಲಿಂಗಪ್ಪ ಭಟ್ಟಿಯನ್ನು ಕೆಡವಿಸಿ, ದಾವಣಗೆರೆಯಲ್ಲಿ ಮುಚ್ಚಿಹೋದ ಒಂದು ಹೋಟೆಲಿನಿಂದ ಕರೆಂಟಿನ ಓವನ್ನು ತಂದ. ಬೀರುವಿನಷ್ಟು ಎತ್ತರದ ಸ್ಟೀಲಿನ ಪೆಟ್ಟಿಗೆ; ಒಳಗೆ ಹಿಂಭಾಗದಲ್ಲಿ ತೂತುಗಳಿರುವ ತಗಡು, ತಗಡಿನ ಹಿಂದೆ ಫ್ಯಾನು, ಫ್ಯಾನಿನ ಸುತ್ತ ಕಾಯುವ ಕಾಯಿಲ್. ಕಾಯಿಲ್ ಗಾಳಿಯನ್ನು ಕಾಯಿಸುತ್ತದೆ, ಫ್ಯಾನು ಆ ಗಾಳಿಯನ್ನು ಎಲ್ಲ ಟ್ರೇಗಳ ಮೇಲೂ ಓಡಿಸುತ್ತದೆ. ಬೆಂಕಿ ಕಾಣದ ಒಲೆಯನ್ನು ಸಿದ್ದಕ್ಕ ಮೊದಮೊದಲು ನಂಬಲಿಲ್ಲ. ಆಮೇಲೆ ಅದರ ಉಪಚಾರವನ್ನೂ ಕಲಿತಳು. ಸಂಜೆ ಓವನ್ನು ಆರಿದ ಮೇಲೆ ಚೂರುಗಳನ್ನು ಗುಡಿಸಿ ತೆಗೆಯುವಳು. ಬಾಗಿಲ ಅಂಚಿನ ರಬ್ಬರನ್ನು ಒದ್ದೆ ಬಟ್ಟೆಯಿಂದ ಒರೆಸುವಳು; ಆ ರಬ್ಬರು ಬಿರುಕು ಬಿಟ್ಟರೆ ಕಾವು ಹೊರಗೆ ಸೋರುತ್ತದೆ. ತಿಂಗಳಿಗೊಮ್ಮೆ ಹಿಂದಿನ ತಗಡನ್ನು ಬಿಚ್ಚಿಸಿ ಫ್ಯಾನಿನ ರೆಕ್ಕೆಗೆ ಹತ್ತಿದ ಜಿಡ್ಡನ್ನು ಕೆರೆಯುವಳು. ಕಾವನ್ನು ಹೆಚ್ಚುಕಡಿಮೆ ಮಾಡುವ ಥರ್ಮೋಸ್ಟಾಟನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಅದಕ್ಕೆ ಹಿರಿಯೂರಿನಿಂದ ಮೂರ್ತಪ್ಪ ಬರುತ್ತಿದ್ದ. ಅವನು ಮಾರಿಕಣಿವೆಯ ಆಸುಪಾಸಿನ ತೋಟಗಳಲ್ಲಿ ಬೋರ್‌ವೆಲ್ ಮೋಟರು ರಿಪೇರಿ ಮಾಡುತ್ತಿದ್ದವನು, ಬೇಕರಿಗಳು ಹೆಚ್ಚಾದ ಮೇಲೆ ಓವನ್ನಿಗೆ ಹೊರಳಿದವನು.

ಆ ಬೇಸಿಗೆಯಲ್ಲಿ ರಸ್ತೆ ಅಗಲ ಮಾಡುವುದಕ್ಕಾಗಿ ಕರೆಂಟಿನ ಕಂಬಗಳನ್ನು ಹಿಂದಕ್ಕೆ ಸರಿಸಿದರು. ಕರೆಂಟು ಇಲ್ಲದ್ದರಿಂದ ಬೇಕರಿ ಮುಚ್ಚಿತ್ತು. ಮತ್ತೆ ತೆರೆದ ದಿನವೇ ಹೊಸ ಮೈದಾ ಮೂಟೆ ಒಡೆದರು. ಆ ದಿನದಿಂದಲೇ ಬನ್ನು ಕೆಟ್ಟಿತು. ಹಿಂದಿನ ಸಾಲು ಕಪ್ಪಗೆ, ನಡುವಿನದು ಬಿಳುಚಿ ಒಳಗೆ ಅಂಟಂಟು. ಎಲ್ಲರೂ ಮೈದಾವನ್ನು ಬೈದರು. ಮೈದಾ ಬದಲಾಯಿತು, ಬನ್ನು ಬದಲಾಗಲಿಲ್ಲ. ಈಸ್ಟನ್ನು ಬೈದರು, ಅದೂ ಬದಲಾಯಿತು. ಎರಡು ಸಂಗತಿಗಳು ಒಂದೇ ದಿನ ಬದಲಾದರೆ, ಕೈಗೆ ಸಿಗುವುದರ ಮೇಲೆ ತಪ್ಪು ಹೊರಿಸಿ ಕೈಗೆ ಸಿಗದ್ದನ್ನು ಮರೆಯುವುದು ಮನುಷ್ಯರ ಸಾಮಾನ್ಯ ರೂಢಿ. ಕಂಬದ ಮಾತನ್ನು ಯಾರೂ ಎತ್ತಲಿಲ್ಲ.

ಮೂರ್ತಪ್ಪ ಬಂದ. ದಿನವೂ ಕೆಲಸ ಶುರುವಾಗುವ ಮುನ್ನ ಓವನ್ನಿಗೆ ವಿಭೂತಿಯ ಪಟ್ಟೆ ಎಳೆದು ಅಗರಬತ್ತಿ ಹಚ್ಚುವುದು ಭಟ್ಟಿಯ ಕಾಲದಲ್ಲೇ ಅಜ್ಜಪ್ಪನವರು ಹಾಕಿಕೊಟ್ಟ ಕ್ರಮ. ಮೂರ್ತಪ್ಪ ಆ ಅಗರಬತ್ತಿಯನ್ನೇ ಕಿತ್ತುಕೊಂಡು, ಬಾಗಿಲನ್ನು ತುಸು ತೆರೆದು ಸಂದಿಗೆ ಹಿಡಿದ. ಹೊಗೆ ಅಲುಗಿ ಹೊರಕ್ಕೆ ಬಾಗಿತು.

“ಫ್ಯಾನು ಗಾಳಿ ಹೊಡಿತೈತೆ. ಕಾವು ಸಾಲ್ತಿಲ್ಲ ಅಷ್ಟೆ,” ಎಂದು ಥರ್ಮೋಸ್ಟಾಟಿನ ಒಳಗಿನ ಸ್ಕ್ರೂವನ್ನು ಕಾವು ಹೆಚ್ಚುವ ಕಡೆಗೆ ತಿರುಗಿಸಿದ. ಎರಡನೆಯ ಸಲ ಬಂದಾಗ ಇನ್ನೂ ಸ್ವಲ್ಪ ತಿರುಗಿಸಿದ. ಹೊರಡುವಾಗ ಚಿತ್ರಲಿಂಗಪ್ಪ ಕೇಳಿದ್ದಕ್ಕೆ, “ಮೆಷೀನು ಗಟ್ಟಿ ಐತೆ ಸಾವ್ಕಾರ್ರೆ,” ಎಂದುಬಿಟ್ಟ.

ಮೈದಾ ಸರಿ, ಈಸ್ಟು ಸರಿ, ಮೆಷೀನು ಗಟ್ಟಿ. ಉಳಿದದ್ದು ಸಿದ್ದಕ್ಕ.

ಚಿತ್ರಲಿಂಗಪ್ಪ ಕೆಟ್ಟವನಲ್ಲ. ಆದ್ದರಿಂದಲೇ ಆ ಮಾತನ್ನು ಹೇಳುವುದಕ್ಕೆ ಅವನಿಗೆ ಒಂದು ಲೋಟ ಚಹಾ ಬೇಕಾಯಿತು. “ಕೆಲ್ಸ ಬಿಡು ಅಂತ ನಾನು ಹೇಳ್ತಿಲ್ಲ ಸಿದ್ದಕ್ಕ. ಸೋಮವಾರದಿಂದ ದಾವಣಗೆರೆಯಿಂದ ಒಬ್ರು ಬರ್ತಾರೆ, ಓವನ್ನು ಅವ್ರು ನೋಡ್ಕಂತಾರೆ. ನೀನು ಟ್ರೇ ತೊಳಕಂಡು, ಪ್ಯಾಕಿಂಗು ಮಾಡ್ಕಂಡು ನೆರಳಾಗೆ ಇರು.”

“ನೆರಳು ಬೇಕಾಗಿದ್ರೆ ಭಟ್ಟಿ ಮುಂದೆ ಯಾಕೆ ನಿಲ್ತಿದ್ದೆ ಸಾವ್ಕಾರ್ರೆ?” ಎಂದಳು ಸಿದ್ದಕ್ಕ. ಅದಕ್ಕಿಂತ ಹೆಚ್ಚಿಗೆ ಹೇಳಲಿಲ್ಲ.

ಹೇಳಲಾರದ್ದು ಒಳಗೆ ಇತ್ತು. ತನ್ನ ಕೈಯೇ ಕೆಟ್ಟಿರಬಹುದು ಎಂಬ ಅನುಮಾನ ಅವಳಿಗೂ ಹತ್ತಿತ್ತು. ಕಣ್ಣು ಮಂಜಾಗಿ ಬಣ್ಣ ತಿಳಿಯುತ್ತಿಲ್ಲವೇನೋ ಎಂದು ಬನ್ನನ್ನು ಬೀದಿಯ ಬಿಸಿಲಿಗೆ ಹಿಡಿದು ನೋಡಿದಳು. ಟ್ರೇಗಳನ್ನು ಪದೇ ಪದೇ ಸುತ್ತು ತಿರುಗಿಸಿದಳು. ಅದಕ್ಕಾಗಿ ಬಾಗಿಲನ್ನು ಪದೇ ಪದೇ ತೆರೆದಳು. ತೆರೆದಷ್ಟೂ ಕಾವು ಇಳಿಯಿತು, ನಡುವಿನ ಸಾಲು ಇನ್ನಷ್ಟು ಬಿಳುಚಿತು. ಆಗ ಹೆಚ್ಚು ಹೊತ್ತು ಬೇಯಿಸಿದಳು. ಅನುಮಾನ ತನಗೆ ಬೇಕಾದ ಸಾಕ್ಷಿಯನ್ನು ತಾನೇ ಬೇಯಿಸಿಕೊಳ್ಳುತ್ತಿತ್ತು.

ಶನಿವಾರ ಮೂರ್ತಪ್ಪ ಮೂರನೆಯ ಸಲ ಬಂದ. ಹೊಸಬನು ಬರುವ ಮೊದಲು ಓವನ್ನನ್ನು ಒಮ್ಮೆ ನೋಡಿಬಿಡಲೆಂದು ಚಿತ್ರಲಿಂಗಪ್ಪನೇ ಕರೆಸಿದ್ದ. ಮೂರ್ತಪ್ಪ ಮತ್ತೆ ಅಗರಬತ್ತಿಗೆ ಕೈ ಚಾಚಿದಾಗ ಸಿದ್ದಕ್ಕ ಅದನ್ನು ಈಚೆಗೆ ಎಳೆದುಕೊಂಡಳು.

“ದೇವರ ಹೊಗೆ ದೇವರಿಗಿರ್ಲಿ ಬಿಡಪ್ಪ. ನೀನು ಹಿಡಿದಾಗೆಲ್ಲ ಅದು ಮೆಷೀನಿನ ಪರವಾಗೇ ಸಾಕ್ಷಿ ಹೇಳ್ತೈತೆ.”

“ಸಿಟ್ಟಾಗಬ್ಯಾಡ ಅಕ್ಕ. ನಿನ್ನ ಕೈಯೋ ಮೆಷೀನೋ ಅನ್ನಾದು ನಂಗೂ ತಿಳೀತಿಲ್ಲ.” ಮೂರ್ತಪ್ಪ ತಲೆ ಕೆರೆದುಕೊಂಡ. “ನಿನ್ನ ಕೈ ಮುಟ್ಟದ ಬ್ರೆಡ್ಡು ಇದ್ದಿದ್ರೆ ನೋಡಬಹುದಿತ್ತು. ಬೆಂದಿರೋ ಬ್ರೆಡ್ಡಿನ ಸ್ಲೈಸು ಟ್ರೇ ತುಂಬಾ ಜೋಡ್ಸಿ ಕಾಯ್ಸಿದ್ರೆ, ಗಾಳಿ ಎಲ್ಲಿ ಹೋಗ್ತೈತೆ, ಎಲ್ಲಿ ಹೋಗಲ್ಲ, ಬಣ್ಣದಾಗೆ ಕಾಣ್ತೈತೆ.”

ಸಿದ್ದಕ್ಕ ಯಜಮಾನನ ಕಡೆ ತಿರುಗಿದಳು. “ಬಸ್ ಸ್ಟ್ಯಾಂಡಿನ ಅಂಗಡಿಯಿಂದ ತರ್ರಿ.”

“ಅವನ ಬ್ರೆಡ್ಡಾ? ನಾನಾ?” ಎಂದ ಚಿತ್ರಲಿಂಗಪ್ಪ. ಆ ಅಂಗಡಿಯವನಿಗೂ ಅವನಿಗೂ ಮಾತು ನಿಂತು ಎಷ್ಟೋ ಕಾಲವಾಗಿತ್ತು. “ಜನ ನೋಡಿದ್ರೆ ಏನಂತಾರೆ?”

“ಈಗ ನಮ್ಮ ಬನ್ನು ನೋಡಿ ಅಂತಿರಾದಕ್ಕಿಂತ ಹೆಚ್ಚೇನೂ ಅನ್ನಲ್ಲ.”

ಬ್ರೆಡ್ಡು ಬಂತು, ಬಟ್ಟೆಯ ಚೀಲದಲ್ಲಿ, ಮೇಲೆ ಕೊತ್ತಂಬರಿ ಸೊಪ್ಪು ಮುಚ್ಚಿಕೊಂಡು. ಸ್ಲೈಸುಗಳನ್ನು ಎಲ್ಲ ಟ್ರೇಗಳ ಮೇಲೂ ಸಂದಿಲ್ಲದಂತೆ ಜೋಡಿಸಿದವನು ಮೂರ್ತಪ್ಪ. ಸಿದ್ದಕ್ಕ ಸೆರಗಿನಲ್ಲಿ ಕೈ ಸುತ್ತಿಕೊಂಡು ದೂರ ನಿಂತಳು. ಬಾಗಿಲು ಮುಚ್ಚಿತು, ನಡುವೆ ಯಾರೂ ತೆರೆಯಲಿಲ್ಲ. ಹೊರತೆಗೆದು ಮೇಜಿನ ಮೇಲೆ ಇಟ್ಟಾಗ ಮೂವರಿಗೂ ಕಂಡದ್ದು ಒಂದೇ: ಹಿಂದಿನ ಸಾಲು ಕಂದು, ನಡುವೆಲ್ಲ ಬಿಳಿ.

“ಇದರಾಗೆ ನನ್ನ ಕೈ ಎಲ್ಲೈತೆ ತೋರಿಸ್ರಿ,” ಎಂದಳು ಸಿದ್ದಕ್ಕ.

ಚಿತ್ರಲಿಂಗಪ್ಪ ಒಂದು ಸ್ಲೈಸನ್ನು ಎತ್ತಿ ತಿರುವಿ ನೋಡಿದ. “ಅವನ ಬ್ರೆಡ್ಡೇ ಹಂಗಿರಬೇಕು,” ಎಂದ. ಆದರೆ ದನಿಯಲ್ಲಿ ಬಲವಿರಲಿಲ್ಲ. ತಪ್ಪು ಕೈಯದಲ್ಲ ಎಂಬುದು ತಿಳಿದಿತ್ತು. ಮೆಷೀನಿನಲ್ಲಿ ಏನು ತಪ್ಪು ಎಂಬುದು ತಿಳಿದಿರಲಿಲ್ಲ. ತಿಳಿಯದೆ ಸೋಮವಾರ ಬಂದರೆ ಹೊಸಬನೂ ಬರುತ್ತಿದ್ದ.

ಅಷ್ಟರಲ್ಲಿ ಪಕ್ಕದ ಹಿಟ್ಟಿನ ಗಿರಣಿಯ ಜುಂಜಯ್ಯ ರೆಪ್ಪೆಯವರೆಗೂ ಹಿಟ್ಟು ಮೆತ್ತಿಕೊಂಡು ದಿನದಂತೆ ಚಹಾಕ್ಕೆ ಬಂದ. ಮೇಜಿನ ಮೇಲಿನ ಒಂದು ಸ್ಲೈಸನ್ನು ಕೇಳದೆ ಎತ್ತಿ ಕಡಿದ.

“ಏನಪ್ಪ ಮೂರ್ತಿ, ಇನ್ನೂ ನೆಟ್ಟಗಾಗಲಿಲ್ವಾ ಇದು? ಕಂಬ ಕಿತ್ತಾಗಿಂದ ನೋಡ್ತಾ ಇದೀನಿ, ಬಂದು ಬಂದು ಊದುಬತ್ತಿ ಬೆಳಗಿ ಹೋಗ್ತೀಯ. ಪೂಜಾರಿಕೆ ಹಿಡದ್ಯಾ?”

“ಕಂಬ ಕಿತ್ತಾಗಿಂದ ಅಂದ್ರೆ?” ಮೂರ್ತಪ್ಪನ ಕೈ ನಿಂತಿತು.

“ಅವತ್ತು ಕರೆಂಟು ಬಂದೇಟಿಗೆ ನನ್ನ ಗಿರಣಿ ಉಲ್ಟಾ ತಿರುಗಿ ಬೆಲ್ಟು ಕಳಚಿ ಮೈಮ್ಯಾಲೆ ಬೀಳಾದಿತ್ತು. ಮೂರು ವೈರಿನಾಗೆ ಎಲ್ಡು ಅದಲುಬದಲು ಮಾಡ್ದೆ, ಆತು. ಗಿರಣಿಗಾದ್ರೆ ಬೆಲ್ಟು ಐತೆ, ಬಿದ್ದು ಹೇಳ್ತು. ನಿಮ್ಮ ಪೆಟಗಿಗೆ ಬಾಯಿ ಎಲ್ಲೈತೆ?”

ಮೂರ್ತಪ್ಪ ಓವನ್ನಿನ ಹಿಂದಕ್ಕೆ ಹೋಗಿ ಫ್ಯಾನಿನ ಮೋಟರಿಗೆ ಬಂದಿದ್ದ ಮೂರು ತಂತಿಗಳನ್ನು ನೋಡಿದ. ಮೂರು ಫೇಸಿನ ಮೋಟರಿಗೆ ಬರುವ ಮೂರು ತಂತಿಗಳಲ್ಲಿ ಎರಡು ಕಂಬದಲ್ಲೇ ಅದಲುಬದಲಾದರೂ ಅದು ಹಿಂದುಮುಂದಾಗಿ ತಿರುಗುತ್ತದೆ. ಬಲ್ಬಿಗೆ ಅದರಿಂದ ಏನೂ ಆಗುವುದಿಲ್ಲವಾದ್ದರಿಂದ ಮನೆಗಳಲ್ಲಿ ಯಾರಿಗೂ ತಿಳಿಯುವುದಿಲ್ಲ. ತೋಟಗಳಲ್ಲಿ ನೀರು ಕಡಿಮೆ ಬಂತೆಂದು ಯಾರಾದರೂ ಕರೆದರೆ ಅವನು ಮೊದಲು ಕೇಳುತ್ತಿದ್ದ ಪ್ರಶ್ನೆಯೇ ಅದು: ಲೈನಿನ ಕೆಲಸ ಏನಾದರೂ ನಡೆಯಿತಾ? ನೀರಿನ ವಿಷಯದಲ್ಲಿ ವರ್ಷಗಟ್ಟಲೆ ಕೇಳಿದ್ದನ್ನು ಗಾಳಿಯ ವಿಷಯದಲ್ಲಿ ಅವನು ಒಮ್ಮೆಯೂ ಕೇಳಿರಲಿಲ್ಲ.

ಕಾವು ಆರಿದ ಮೇಲೆ ಹಿಂದಿನ ತಗಡನ್ನು ಬಿಚ್ಚಿದರು. ಫ್ಯಾನನ್ನು ಒಂದು ಗಳಿಗೆ ಓಡಿಸಿ ನಿಲ್ಲಿಸಿದರು. ವೇಗ ಇಳಿಯುತ್ತ ಬಂದಂತೆ ಬಾಗಿದ ರೆಕ್ಕೆಗಳು ಬೇರೆ ಬೇರೆಯಾಗಿ ಕಾಣಿಸಿಕೊಂಡವು. ಜಿಡ್ಡು ಕೆರೆಯುವಾಗ ಆ ರೆಕ್ಕೆಗಳ ಬಾಗು ಎತ್ತ ಎಂಬುದು ಸಿದ್ದಕ್ಕನ ಬೆರಳಿಗೆ ರೂಢಿಯಾಗಿತ್ತು. ಅವು ಓಡುವುದನ್ನು ಅವಳು ಯಾವತ್ತೂ ಕಂಡಿರಲಿಲ್ಲ. ಅವು ಬೆನ್ನು ಮುಂದಾಗಿ ತಿರುಗುತ್ತಿದ್ದವು. ಇಂಥ ಫ್ಯಾನು ಹಿಂದುಮುಂದಾದರೂ ಗಾಳಿ ನಿಲ್ಲುವುದಿಲ್ಲ, ಕಡಿಮೆಯಾಗುತ್ತದೆ ಅಷ್ಟೆ. ಆ ಅಷ್ಟಿಷ್ಟು ಗಾಳಿಗೆ ಅಗರಬತ್ತಿಯ ಹೊಗೆ ಅಲುಗುತ್ತಿತ್ತು. ಗಾಳಿ ಉಂಟೋ ಇಲ್ಲವೋ ಎಂದು ಕೇಳಿದರೆ ಹೊಗೆ ಉಂಟು ಎಂದಿತು. ಎಷ್ಟು ಎಂದು ಅದನ್ನು ಯಾರೂ ಕೇಳಿರಲಿಲ್ಲ. ಕಾಯಿಲಿನ ಪಕ್ಕದ ಗಾಳಿ ಅಲ್ಲೇ ನಿಂತು ಕುದಿಯುತ್ತಿತ್ತು, ಅಲ್ಲೇ ಇದ್ದ ಥರ್ಮೋಸ್ಟಾಟು ಸಾಕಾಯಿತೆಂದು ಕರೆಂಟು ಕಡಿಯುತ್ತಿತ್ತು, ನಡುವಿನ ಬನ್ನು ತಣ್ಣಗೆ ಕೂತಿತ್ತು.

ಮೇನ್ ಸ್ವಿಚ್ಚು ಆರಿಸಿ ಮೂರ್ತಪ್ಪ ಎರಡು ತಂತಿಗಳನ್ನು ಅದಲುಬದಲು ಮಾಡಿದ. ಸದ್ದೇ ಬೇರೆಯಾಯಿತು, ಮಂದವಾಗಿದ್ದ ಗುಂಯ್‌ಗುಡುವಿಕೆ ಬಿಗಿಯಾಯಿತು. ಸಿದ್ದಕ್ಕ ಉಬ್ಬಿ ತಯಾರಾಗಿದ್ದ ಬನ್ನಿನ ಟ್ರೇಗಳನ್ನು ಒಳಗಿಟ್ಟಳು. ಹೊತ್ತಾದ ಮೇಲೆ ಬಾಗಿಲು ತೆಗೆದರೆ ಕೋಣೆಯ ತುಂಬ ಹೊಗೆ. ಬನ್ನುಗಳು ಇದ್ದಲಿನಂತೆ ಕರಕಲಾಗಿದ್ದವು.

“ಇದಾ ರಿಪೇರಿ?” ಚಿತ್ರಲಿಂಗಪ್ಪ ಸಿಡಿದ. “ಅರ್ಧನಾದ್ರೂ ಮಾರ್ತಿದ್ನಲ್ರೋ! ಸಾಕು ಬಿಡ್ರಿ, ಸೋಮವಾರ ಅವ್ನೇ ಬಂದು ನೋಡ್ಲಿ.”

ಜುಂಜಯ್ಯ ಚಹಾದ ಲೋಟ ಹಿಡಿದು ಮೆಲ್ಲಗೆ ಬಾಗಿಲ ಕಡೆ ಸರಿದ. ಮೂರ್ತಪ್ಪನ ಮುಖ ಬಾಡಿತು. ಸಿದ್ದಕ್ಕ ಮಾತ್ರ ಟ್ರೇಯ ಮೇಲೆ ಬಗ್ಗಿದ್ದಳು. ಹಿಂದಿನ ಸಾಲಿನದೊಂದು, ನಡುವಿನದೊಂದು, ಬಾಗಿಲ ಬಳಿಯದೊಂದು ಬನ್ನು ಎತ್ತಿ ಅಕ್ಕಪಕ್ಕ ಇಟ್ಟಳು.

“ಬೈಯಾದು ಆಮ್ಯಾಲೆ ಬೈರಿ. ಮೊದ್ಲು ಇಲ್ಲಿ ನೋಡ್ರಿ. ಎಲ್ಲಾ ಒಂದೇ ಸಮ ಸುಟ್ಟೈತೆ. ಒಂದಾದ್ರೂ ಬಿಳಿ ಐತಾ?”

ಮೂವರೂ ಬಗ್ಗಿದರು. ಇರಲಿಲ್ಲ.

“ಗಾಳಿ ಎಲ್ಲಾ ಕಡೆ ಹೋಗೈತೆ. ಕಾವು ಜಾಸ್ತಿ ಆಗೈತೆ, ಅಷ್ಟೆ. ಮೂರ್ತಪ್ಪ, ನೀನು ಎಲ್ಡು ಸಲ ತಿರುಗಿಸಿದ್ಯಲ್ಲ, ಅದನ್ನ ವಾಪಸ್ ತಿರುಗ್ಸು. ನಾನೂ ಹೆಚ್ಚಿಗೆ ಹೊತ್ತು ಇಟ್ಟೆ, ಇಷ್ಟು ದಿನದ ರೂಢಿ.”

ಮೊದಲ ಸಲ ಮುಟ್ಟುವ ಮುನ್ನ ಮೂರ್ತಪ್ಪ ಸ್ಕ್ರೂವಿನ ಪಕ್ಕ ಮೊಳೆಯಿಂದ ಒಂದು ಗೀರು ಹಾಕಿದ್ದ. ಅದು ಅವನ ಹಳೆಯ ಅಭ್ಯಾಸ, ಇಲ್ಲಿ ಅದೇ ಕಾಪಾಡಿತು. ಸ್ಕ್ರೂ ಗೀರಿಗೆ ಮರಳಿತು. ಒಂದು ತಪ್ಪನ್ನು ಮುಚ್ಚಲು ಇನ್ನೊಂದನ್ನು ಹೇರಿದ್ದರು. ಮೊದಲನೆಯದನ್ನು ತೆಗೆದ ಕೂಡಲೇ ಎರಡನೆಯದು ಬೆತ್ತಲಾಗಿತ್ತು.

ಉಳಿದ ಹಿಟ್ಟಿನಲ್ಲಿ ಸಿದ್ದಕ್ಕ ಒಂದೇ ಟ್ರೇ ಬನ್ನು ಮಾಡಿದಳು. ಸುತ್ತು ತಿರುಗಿಸಲಿಲ್ಲ, ಬಾಗಿಲು ತೆರೆಯಲಿಲ್ಲ. ಬಾಗಿಲ ಗಾಜಿನ ಮುಂದೆ ಕುಕ್ಕುರುಗಾಲಿನಲ್ಲಿ ಕೂತು ಬಣ್ಣ ಏರುವುದನ್ನು ನೋಡಿದಳು. ಹೊರಬಂದ ಬನ್ನುಗಳು ಈ ತುದಿಯಿಂದ ಆ ತುದಿಗೆ ಒಂದೇ ಕಂದು. ಚಿತ್ರಲಿಂಗಪ್ಪ ಒಂದನ್ನು ಮುರಿದ, ಇನ್ನೊಂದನ್ನು ಮುರಿದ, ನಡುವಿನ ಸಾಲಿನದನ್ನೂ ಮುರಿದ. ಬೀದಿಗೆ ಹೋಗಿ ಫೋನಿನಲ್ಲಿ ಯಾರೊಡನೆಯೋ ತಗ್ಗಿದ ದನಿಯಲ್ಲಿ ಮಾತಾಡಿ ಒಳಗೆ ಬಂದ.

“ಸೋಮವಾರ ಮದುವೆ ಮನೆ ಆರ್ಡರು ಐತೆ,” ಎಂದ, ಯಾರ ಮುಖವನ್ನೂ ನೋಡದೆ. “ಸ್ವಲ್ಪ ಬೇಗ ಬಾ ಸಿದ್ದಕ್ಕ.”

“ಟ್ರೇ ಯಾರು ತೊಳೀತಾರೆ?”

“ನಾನೇ ತೊಳೀತೀನಿ ಹೋಗವ್ವ ತಾಯಿ.”

ಕ್ಷಮೆಯ ಮಾತು ಅಷ್ಟಕ್ಕೇ ಮುಗಿಯಿತು. ಸಿದ್ದಕ್ಕನೂ ಅದಕ್ಕಿಂತ ಹೆಚ್ಚಿನದನ್ನು ಕಾಯಲಿಲ್ಲ. ಹೊರಡುವ ಮುನ್ನ ಮೂರ್ತಪ್ಪನಿಂದ ಓವನ್ನಿನ ಬೆನ್ನಿಗೆ, ಮೋಟರಿನ ಪಕ್ಕ, ಕೆಂಪು ಬಣ್ಣದ ಒಂದು ಬಾಣ ಬರೆಸಿದಳು: ಫ್ಯಾನು ತಿರುಗಬೇಕಾದದ್ದು ಈ ಕಡೆಗೆ. ಆಯುಧ ಪೂಜೆಯ ದಿನ ಈಗಲೂ ಮೊದಲ ಕುಂಕುಮ ಆ ಬಾಣಕ್ಕೆ. ಬನ್ನು ಕೊಳ್ಳುವವರು ಮತ್ತೆ ಅವಳ ಕೈಯನ್ನು ಹೊಗಳತೊಡಗಿದರು. ಅದರಲ್ಲಿ ಕೈಯ ಪಾಲೆಷ್ಟು, ಗಾಳಿಯ ಪಾಲೆಷ್ಟು ಎಂಬುದನ್ನು ಅವಳು ವಿಂಗಡಿಸಿ ಹೇಳಲು ಹೋಗಲಿಲ್ಲ.

ಆದರೆ ಬೀದಿಯಲ್ಲಿ ಯಾರಾದರೂ ಕಂಬ ಹತ್ತಿದ್ದು ಕಂಡರೆ ಸಾಕು, ಹಿಟ್ಟು ಮುಟ್ಟುವ ಮುನ್ನ ಸಿದ್ದಕ್ಕ ಚಿತ್ರಲಿಂಗಪ್ಪನನ್ನು ಬ್ರೆಡ್ಡು ತರಲು ಬಸ್ ಸ್ಟ್ಯಾಂಡಿಗೆ ಕಳಿಸುತ್ತಾಳೆ. ಸ್ವಂತ ಬೇಕರಿ ಇಟ್ಟುಕೊಂಡವನು ಚೀಲದಲ್ಲಿ ಸೊಪ್ಪು ಮುಚ್ಚಿಕೊಂಡು ಇನ್ನೊಬ್ಬನ ಅಂಗಡಿಯ ಬ್ರೆಡ್ಡನ್ನು ಯಾಕೆ ಒಯ್ಯುತ್ತಾನೆಂಬುದು ಆ ಅಂಗಡಿಯವನಿಗೆ ಇಂದಿಗೂ ಬಗೆಹರಿದಿಲ್ಲ.